ಕಾಳಿಯ ಮೊಣಕಾಲು

ಶಾಸನ ಪಾಠ ಹೇಳುವ ಮೇಷ್ಟರ ಮನೆಗೆ ಕರಿಯ ನಾಯಿಮರಿಯೊಂದು ಬಂದು ಸೇರಿದರೆ ಅದಕ್ಕೆ ಕಾಳಿ ಎಂದಲ್ಲದೆ ಬೇರೆ ಹೆಸರು ಹೊಳೆಯುವುದು ಕಷ್ಟ. ಮೂರು ವರ್ಷಗಳ ಹಿಂದೆ, ಆಷಾಢದ ಮಳೆಯಲ್ಲಿ, ಕಾಂಪೌಂಡಿನ ಮೂಲೆಯಲ್ಲಿ ನೆನೆದು ನಡುಗುತ್ತಿದ್ದ ಮರಿಯನ್ನು ನನ್ನ ಮಗಳು ಟವೆಲಿನಲ್ಲಿ ಸುತ್ತಿ ಒಳಗೆ ತಂದಾಗ ನನ್ನ ಬಾಯಿಂದ ಆ ಹೆಸರು ತಾನಾಗಿ ಬಂದಿತು. ಅಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. "ದೇವರ ಹೆಸರನ್ನು ನಾಯಿಗೆ ಇಡುವುದೇ?" ಎಂದರು. ಸಾವಿರ ವರ್ಷದ ಹಿಂದೆಯೇ ಇಟ್ಟಿದ್ದಾರೆ, ಕಲ್ಲಿನ ಮೇಲೆ ಬರೆಸಿಯೂ ಇದ್ದಾರೆ ಎಂದೆ. "ಹಾಗಾದರೆ ಆ ಕಲ್ಲಿನ ನಾಯಿಯನ್ನೇ ಸಾಕಿಕೊ" ಎಂದು ಅವರು ದೇವರ ಮನೆಯ ಬಾಗಿಲನ್ನು ಮುಂದಕ್ಕೆ ಮಾಡಿಕೊಂಡರು.

ನಾನು ಹೇಳಿದ ಕಲ್ಲು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನದು. ಶಕವರ್ಷ ೮೭೨, ಎಂದರೆ ಕ್ರಿಸ್ತಶಕ ೯೪೯-೫೦ರದು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕಾಲ. ಆ ಯುದ್ಧದಲ್ಲಿ ಬೂತುಗನ ಬಂಟನಾದ ಮಣಲೆರನು ತೋರಿದ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳಿಕೊ ಎಂದಾಗ ಅವನು ಕೇಳಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಸೆಣಸಿ ಎರಡೂ ಸತ್ತುವು. ಮಣಲೆರನು ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದನು. ನಾಯಿ ಹಂದಿಗಳು ಹೋರಾಡುವ ಚಿತ್ರವನ್ನು ಕೆತ್ತಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ತರಗತಿಯಲ್ಲಿ ಈ ಶಾಸನ ಬಂದಾಗಲೆಲ್ಲ ನಾನು ಶೌರ್ಯ, ಸ್ವಾಮಿಭಕ್ತಿ, ಪ್ರಾಣಿಪ್ರೀತಿ ಎಂಬ ಮೂರು ತಲೆಬರಹಗಳನ್ನು ಹಲಗೆಯ ಮೇಲೆ ಬರೆದು, ಮುಂದಿನ ಶಾಸನಕ್ಕೆ ಹೋಗಿಬಿಡುತ್ತಿದ್ದೆ. ಸತ್ತ ನಾಯಿಗೆ ಕಲ್ಲು ನಿಲ್ಲಿಸುವುದಕ್ಕಿಂತ ಗಾಯಗೊಂಡ ನಾಯಿಯನ್ನು ಉಳಿಸಿಕೊಳ್ಳುವುದು ಕಷ್ಟ ಎಂಬ ಮಾತು ಮಾತ್ರ ಕಳೆದ ಡಿಸೆಂಬರಿನವರೆಗೂ ನನಗೆ ಹೊಳೆದಿರಲಿಲ್ಲ.

ನಮ್ಮ ಕಾಳಿ ನಡೆದುದನ್ನು ಕಂಡವರು ಕಡಮೆ. ಅದು ಓಡುತ್ತದೆ, ಇಲ್ಲವೇ ನಿದ್ರಿಸುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಅಳಿಲೊಂದನ್ನು ಅಟ್ಟಿಕೊಂಡು ಜಗಲಿಯಿಂದ ಹಾರಿದ್ದು ಕಿರುಚಿಕೊಂಡಿತು. ಹಿಂಗಾಲೊಂದನ್ನು ಎತ್ತಿ ಹಿಡಿದು ಮೂರು ಕಾಲಿನಲ್ಲಿ ಒಳಗೆ ಬಂದಿತು. ಮೊಣಕಾಲಿನೊಳಗೆ ಎರಡು ಎಲುಬುಗಳನ್ನು ಹಿಡಿದಿಡುವ ಕಟ್ಟುನಾರು ಹರಿದಿದೆ, ಶಸ್ತ್ರಚಿಕಿತ್ಸೆ ಆಗಬೇಕು ಎಂದು ಪಶುವೈದ್ಯೆ ಹೇಳಿದರು. ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ, ಮಾತು ಖಚಿತ. "ಕತ್ತಿಯ ಕೆಲಸ ನನ್ನದು ಸರ್, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಆಮೇಲಿನ ಎಂಟು ವಾರದ ಕೆಲಸ ನಿಮ್ಮದು. ಓಡಕೂಡದು, ಹಾರಕೂಡದು, ಮೆಟ್ಟಿಲು ಹತ್ತಕೂಡದು. ಹೊರಗೆ ಹೋಗಿ ಬರುವುದಕ್ಕೂ ಹಗ್ಗ ಹಿಡಿದೇ ಇರಬೇಕು."

ಎಂಟು ವಾರ! ಕಾಳಿಯನ್ನು ಎಂಟು ನಿಮಿಷ ಸುಮ್ಮನೆ ಕೂರಿಸಿದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ.

ಇಲ್ಲಿ ಒಂದು ಮಾತನ್ನು ನೆನೆಯಬೇಕು. ಈ ಎಂಟು ವಾರದ ಸಂಕಟ ನಾಯಿಜಾತಿಗೆ ಹೊಸದು. ಹಿಂದಿನವರು ಪ್ರಾಣಿವೈದ್ಯವನ್ನು ಅಲಕ್ಷಿಸಿದ್ದರೆಂದಲ್ಲ. ಚಾಲುಕ್ಯ ಅರಸುಮಗ ಕೀರ್ತಿವರ್ಮನು ಕನ್ನಡದಲ್ಲಿಯೇ 'ಗೋವೈದ್ಯ'ವನ್ನು ಬರೆದನು. ಆನೆಗೆ ಪಾಲಕಾಪ್ಯನ ಶಾಸ್ತ್ರ, ಕುದುರೆಗೆ ಶಾಲಿಹೋತ್ರನದು. ಸುಮಾರು ೧೧೩೦ರ ಹೊತ್ತಿಗೆ ಕಲ್ಯಾಣದಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ದಲ್ಲಿ ನಾಯಿಗೂ ಒಂದು ಪ್ರಕರಣವುಂಟು. ಆದರೆ ಅದು ಇರುವುದು ಅರಸರ ವಿನೋದಗಳ ಸಾಲಿನಲ್ಲಿ. ಉಳುವ ಎತ್ತು, ಹೊರುವ ಕುದುರೆ, ಕಾದುವ ಆನೆ ಇವಕ್ಕೆ ವೈದ್ಯರು ಬೇಕಾಗಿದ್ದರು. ಓಡಲಾರದ ಬೇಟೆನಾಯಿಗಾದರೋ ಕೆಲಸವೇ ಇರಲಿಲ್ಲ. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ, ಎಲ್ಲ ದೇಶಗಳಲ್ಲಿಯೂ ಬಹುಮಟ್ಟಿಗೆ ಹೀಗೆಯೇ ಇದ್ದಿತು.

ನಾಯಿಗೆ ನೋವಿಲ್ಲದೆ ಶಸ್ತ್ರ ಹಾಕುವ ಯೋಗ ಬಂದದ್ದು ಈಥರ್ ಬಂದ ಮೇಲೆ. ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ದಂತವೈದ್ಯನು ರೋಗಿಯೊಬ್ಬನಿಗೆ ಈಥರ್ ಮೂಸಿಸಿ ಮೈಮರೆಸಿದಾಗ ಶಸ್ತ್ರವೈದ್ಯದ ಚರಿತ್ರೆಯೇ ತಿರುಗಿಕೊಂಡಿತು. ಅದಕ್ಕೆ ಮೊದಲು ಅವನು ಅದನ್ನು ತನ್ನ ಮನೆಯ ನಾಯಿಯ ಮೇಲೆಯೇ ಪ್ರಯೋಗಿಸಿ ನೋಡಿದ್ದನು. ಹೀಗೆ ಮನುಷ್ಯನ ಸುಖನಿದ್ರೆಗೆ ನಾಯಿಯೇ ದಾರಿ ತೋರಿಸಿದ್ದರೂ, ಪ್ರಾಣಿಗಳಿಗೆ ಕೆಲವು ಶಸ್ತ್ರಕ್ರಿಯೆಗಳನ್ನು ಮಾಡುವಾಗ ಅರಿವಳಿಕೆ ಕೊಡಲೇಬೇಕೆಂಬ ಕಾನೂನು ಇಂಗ್ಲೆಂಡಿನಲ್ಲಿ ಬಂದುದು ೧೯೧೯ರಲ್ಲಿ. ಎಪ್ಪತ್ತಮೂರು ವರ್ಷಗಳ ತರುವಾಯ ಸಾಲ ತೀರಿಸಿದ ಹಾಗಾಯಿತು.

ಮೊಣಕಾಲಿನ ಕಥೆ ಇನ್ನೂ ಈಚಿನದು. ಹರಿದ ಕಟ್ಟುನಾರಿಗೆ ಬದಲಾಗಿ ತೊಡೆಯ ಹೊದಿಕೆಯಿಂದಲೇ ಒಂದು ಪಟ್ಟಿಯನ್ನು ತೆಗೆದು ಪೋಣಿಸಬಹುದೆಂದು ಫಿನ್ಲೆಂಡಿನ ಪಾತ್ಸಾಮ ತೋರಿಸಿದುದು ೧೯೫೨ರಲ್ಲಿ. ಎಲುಬಿನ ಮೇಲ್ತುದಿಯನ್ನು ಬಾಗುಗರಗಸದಿಂದ ಕೊಯ್ದು, ತುಸು ತಿರುಗಿಸಿ, ಲೋಹದ ಪಟ್ಟಿ ತಿರುಪುಗಳಿಂದ ಬಿಗಿಯುವ ಕ್ರಮವನ್ನು ಅಮೆರಿಕದ ಸ್ಲೋಕಮ್ ದಂಪತಿಗಳು ೧೯೯೩ರಲ್ಲಿ ಪ್ರಕಟಿಸಿದರು. ನಮ್ಮ ಕಾಳಿಗೆ ಆದುದು ಈ ಎರಡನೆಯದು. ಬೇಕೆಂದೇ ಮುರಿದು ಕೂಡಿಸಿದ ಎಲುಬು ಅದು. ಕೂಡಿಕೊಳ್ಳುವುದಕ್ಕೆ ಅದು ತನ್ನ ಕಾಲವನ್ನೇ ತೆಗೆದುಕೊಳ್ಳುತ್ತದೆ. ನಾಯಿಯಾದರೋ ನಾಲ್ಕನೆಯ ದಿನವೇ ತನಗೆಲ್ಲ ವಾಸಿಯಾಯಿತೆಂದು ತಿಳಿಯುತ್ತದೆ. ಇಡೀ ತೊಡಕು ಇರುವುದು ಇಲ್ಲಿ.

ನಾನು ಮಾಡಿದ ವ್ಯವಸ್ಥೆಯಲ್ಲಿ ಕುಂದಿಲ್ಲವೆಂದೇ ನನ್ನ ಎಣಿಕೆ. ನಡುಮನೆಯ ಮೂಲೆಯಲ್ಲಿ ಮಂಚದ ಹಲಗೆಗಳಿಂದ ಒಂದು ಕಟಾಂಜನ ಕಟ್ಟಿದೆ. ಜಾರದಂತೆ ಜಮಖಾನ ಹಾಸಿದೆ. ಕುತ್ತಿಗೆಗೆ ವೈದ್ಯೆ ಕೊಟ್ಟ ಲಾಳಿಕೆಯಾಕಾರದ ಕೊರಳಪಟ್ಟಿ. ಹಳೆಯ ಇಂಗ್ಲಿಷ್ ಚಿತ್ರಗಳಲ್ಲಿ ಎಲಿಜಬೆತ್ ರಾಣಿಯ ಕಾಲದವರು ಧರಿಸಿರುವ ಸುರುಳಿಗೊರಳಿನ ನೆನಪಿನಿಂದ ಅದಕ್ಕೆ ಆ ರಾಣಿಯ ಹೆಸರೇ ನಿಂತಿದೆ. ಹೊಲಿಗೆಯನ್ನು ನೆಕ್ಕದಿರಲೆಂದು ಅದು. ನಡೆಸುವಾಗ ಹೊಟ್ಟೆಯ ಕೆಳಗೆ ಟವೆಲಿನ ಜೋಲಿ. ಇಷ್ಟೆಲ್ಲ ಮಾಡಿ, ಕಟ್ಟಿಹಾಕಿದರೆ ಶಾಂತವಾಗಿರುತ್ತದೆಂದು ನಂಬಿ, ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತೆ.

ಒಂಬತ್ತನೆಯ ದಿನ ಕರೆಗಂಟೆ ಬಾರಿಸಿತು. ಪಾರ್ಸೆಲ್ ತಂದ ಹುಡುಗ. ನಾನು ತಲೆಯೆತ್ತುವಷ್ಟರಲ್ಲಿ ಕಾಳಿ ಕಟಾಂಜನವನ್ನು ಹಾರಿ ಬಾಗಿಲಿನ ಬಳಿ ಇದ್ದಿತು. ಹೊಲಿಗೆ ಎರಡು ಕಡೆ ಬಿಟ್ಟು ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಆಟೋದಲ್ಲಿ ಹಾಕಿಕೊಂಡು ಓಡಿದೆವು. ಎಲುಬಿನ ಪಟ್ಟಿ ಅಲುಗಿರಲಿಲ್ಲ. ಅದು ನನ್ನ ಪುಣ್ಯ, ನನ್ನ ಜಾಣತನವಲ್ಲ. ಮತ್ತೆ ಹೊಲಿಗೆ ಹಾಕುತ್ತ ವೈದ್ಯೆ ಹೇಳಿದರು: "ಕಾಲು ಕಟ್ಟಿದ್ದೀರಿ ಸರ್. ಅದರ ಕಿವಿಯನ್ನು ಹಾಗೇ ಬಿಟ್ಟುಬಿಟ್ಟಿದ್ದೀರಿ."

ಆ ರಾತ್ರಿ ನಿದ್ರೆ ಬರಲಿಲ್ಲ. ಕಾಳಿಯ ಪಕ್ಕದಲ್ಲಿ ಚಾಪೆ ಹಾಕಿಕೊಂಡು, ಕಪಾಟಿನಿಂದ ಎಂದೋ ಕೊಂಡಿದ್ದ ಫ್ಲಾರೆನ್ಸ್ ನೈಟಿಂಗೇಲಳ ಶುಶ್ರೂಷೆಯ ಪುಸ್ತಕವನ್ನು ತೆಗೆದೆ. ಕ್ರಿಮಿಯಾ ಯುದ್ಧದ ಗಾಯಾಳುಗಳ ನಡುವೆ ದೀಪ ಹಿಡಿದು ನಡೆದವಳೆಂದು ಶಾಲೆಯ ಪಾಠದಲ್ಲಿ ಎಲ್ಲರೂ ಓದಿದ್ದೇವೆ. ಆದರೆ ಅವಳ ಮೊದಲ ರೋಗಿ ಸಿಪಾಯಿಯಲ್ಲ, ನಾಯಿ. ಅವಳ ಚರಿತ್ರೆಯನ್ನು ಬರೆದವರು ಹೇಳುವ ಕಥೆ ಇದು: ಅವಳಿನ್ನೂ ಹುಡುಗಿ. ರೋಜರ್ ಎಂಬ ಮುದಿ ಕುರುಬನ ಕ್ಯಾಪ್ ಎಂಬ ನಾಯಿಗೆ ಹುಡುಗರು ಕಲ್ಲೆಸೆದು ಕಾಲಿಗೆ ಪೆಟ್ಟಾಗಿತ್ತು. ದುಡಿಯಲಾರದ ನಾಯಿಗೆ ಅನ್ನ ಹಾಕುವ ಶಕ್ತಿಯಿಲ್ಲದ ಕುರುಬನು ಅದನ್ನು ನೇಣು ಹಾಕುವುದರಲ್ಲಿದ್ದನು. ಜೊತೆಯಲ್ಲಿದ್ದ ಪಾದ್ರಿ ನೋಡಿ, ಕಾಲು ಮುರಿದಿಲ್ಲ, ಬಾತುಕೊಂಡಿದೆ, ಬಿಸಿನೀರಿನ ಶಾಖ ಕೊಟ್ಟರೆ ವಾಸಿಯಾಗುತ್ತದೆ ಎಂದನು. ಹುಡುಗಿ ನೀರು ಕಾಯಿಸಿ, ಬಟ್ಟೆ ಹರಿದು, ಕುಳಿತು ಶಾಖ ಕೊಟ್ಟಳು. ನಾಯಿ ಉಳಿಯಿತು.

ಆ ಹುಡುಗಿ ಬೆಳೆದು ೧೮೫೯ರಲ್ಲಿ ಬರೆದ ಪುಸ್ತಕದಲ್ಲಿ ಸದ್ದಿನ ಮೇಲೆ ಒಂದು ಅಧ್ಯಾಯವೇ ಇದೆ. ಅಲ್ಲಿ ಅವಳು ಹೇಳುವ ಮಾತಿನ ತಾತ್ಪರ್ಯ ಇಷ್ಟು: ರೋಗಿಯನ್ನು ಕೆಡಿಸುವುದು ಸದ್ದಿನ ಗಟ್ಟಿತನವಲ್ಲ, ಏನೋ ಆಗಲಿದೆಯೆಂಬ ನಿರೀಕ್ಷೆಯನ್ನು ಅವನಲ್ಲಿ ಹುಟ್ಟಿಸುವ ಸದ್ದು. ಬಾಗಿಲಿನಾಚೆಯ ಪಿಸುಮಾತು, ಹತ್ತಿರ ಬಂದು ನಿಂತುಹೋದ ಹೆಜ್ಜೆ, ರೇಷ್ಮೆ ಉಡುಪಿನ ಸರಬರ ಶಬ್ದ, ಇವು ಗುಡುಗಿಗಿಂತ ಹೆಚ್ಚು ದಣಿಸುತ್ತವೆ.

ಅದನ್ನು ಓದಿ ನಾನು ಪುಸ್ತಕವನ್ನು ಮಡಿಸಿಟ್ಟೆ. ಬೀದಿಯ ತುದಿಯಲ್ಲಿ ದಿಬ್ಬಣದ ವಾದ್ಯ ಮೊಳಗಿದಾಗ ಕಾಳಿ ಮಲಗಿಯೇ ಇರುತ್ತಿತ್ತು. ಮಗಳ ಸ್ಕೂಟರು ಇನ್ನೂ ತಿರುವಿನಲ್ಲಿರುವಾಗಲೇ ಎದ್ದು ನಿಲ್ಲುತ್ತಿತ್ತು. ಕೊಕ್ಕೆಯಿಂದ ಹಗ್ಗವನ್ನು ತೆಗೆಯುವ ಶಬ್ದ, ಚಪ್ಪಲಿಯ ಶಬ್ದ, ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಶಬ್ದ, ಕರೆಗಂಟೆಯ ಶಬ್ದ: ಒಂದೊಂದೂ ಅದಕ್ಕೆ ಒಂದೊಂದು ವಾಗ್ದಾನ. ಈ ವಾಗ್ದಾನಗಳನ್ನು ದಿನವೂ ಕೊಡುತ್ತ, ಒಂದನ್ನೂ ನಡೆಸದೆ, ಸುಮ್ಮನಿರು ಎಂದು ಗದರಿಸುತ್ತಿದ್ದವನು ನಾನು.

ಇದರೊಡನೆ ಇನ್ನೊಂದು ನೆನಪೂ ಬಂದಿತು. ಬರೆಯದೆ ಬಿಟ್ಟರೆ ಈ ಬರವಣಿಗೆ ಪ್ರಾಮಾಣಿಕವಾಗದು. ಹನ್ನೊಂದು ವರ್ಷಗಳ ಹಿಂದೆ ನಮ್ಮ ತಂದೆಯವರು ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದರು. ನಮ್ಮ ಜನರ ಪದ್ಧತಿಯಂತೆ ಬಂಧುಗಳು, ಸ್ನೇಹಿತರು, ಬೀದಿಯವರು ಕಿತ್ತಳೆ ಹಣ್ಣು ಹಿಡಿದು ದಿನವಿಡೀ ಬಂದರು. ಬರಬೇಡಿ ಎನ್ನುವುದು ಹೇಗೆ? ಬಂದವರ ಸದ್ದನ್ನು ತಂದೆಯವರು ತಾಳಿಕೊಂಡರು. ತಾಳಲಾರದೆ ಹೋದದ್ದು ಬೇರೆ. ದೂರದ ಊರಿನಲ್ಲಿದ್ದ ನಮ್ಮ ಅಣ್ಣ "ಈ ವಾರ ಬರುತ್ತೇನೆ" ಎಂದು ಫೋನು ಮಾಡಿದ್ದ. ಅವನಿಗೆ ರಜೆ ಸಿಗಲಿಲ್ಲ. ನಾವು ಅದನ್ನು ತಂದೆಯವರಿಗೆ ತಿಳಿಸಲಿಲ್ಲ, ನೊಂದುಕೊಂಡಾರೆಂಬ ಭಯ. "ಇವತ್ತೋ ನಾಳೆಯೋ ಬರುತ್ತಾನೆ" ಎನ್ನುತ್ತಲೇ ಹೋದೆವು. ಗೇಟಿನ ಸದ್ದಾದಾಗಲೆಲ್ಲ ಅವರು ದಿಂಬಿನಿಂದ ತಲೆಯೆತ್ತುತ್ತಿದ್ದರು. ಹಾಲಿನವನು ಬಂದರೂ ಎತ್ತುತ್ತಿದ್ದರು. ಅವರು ಚೇತರಿಸಿಕೊಂಡರು, ಆಮೇಲೆ ಆರು ವರ್ಷ ಬದುಕಿಯೂ ಇದ್ದರು. ಆದರೆ ಆ ಹದಿನೈದು ದಿನ ಅವರ ಕುತ್ತಿಗೆಯ ನರಗಳು ಬಿಗಿಯುತ್ತಿದ್ದುದು ನನ್ನ ಕಣ್ಣಮುಂದೆ ಇದೆ. ಅವರನ್ನು ದಣಿಸಿದುದು ಗೇಟಿನ ಸದ್ದಲ್ಲ, ನಮ್ಮ ಸುಳ್ಳು ಎಂಬುದು ನನಗೆ ತಿಳಿಯುವುದಕ್ಕೆ ಒಂದು ನಾಯಿ ಹೊಲಿಗೆ ಬಿಚ್ಚಿಕೊಳ್ಳಬೇಕಾಯಿತು.

ನೈಟಿಂಗೇಲಳು ಹಾಸಿಗೆಯ ಪಕ್ಕದಲ್ಲಿ ಕಂಡುದನ್ನು ರಷ್ಯದ ಪಾವ್ಲೋವ್ ಪ್ರಯೋಗಶಾಲೆಯಲ್ಲಿ ಕಂಡನು. ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯಿಂದ ಅವನ ಹೆಸರು ಎಲ್ಲರಿಗೂ ಗೊತ್ತು. ಅವನು ಮೂಲತಃ ನಾಯಿಗಳಿಗೆ ಶಸ್ತ್ರಕ್ರಿಯೆ ಮಾಡಿ ಅವನ್ನು ಬದುಕಿಸಿಕೊಂಡು ನೋಡುತ್ತಿದ್ದವನು ಎಂಬುದು ಅಷ್ಟಾಗಿ ಗೊತ್ತಿಲ್ಲ. ಜೀರ್ಣಕ್ರಿಯೆಯ ಮೇಲಣ ಆ ಕೆಲಸಕ್ಕಾಗಿಯೇ ೧೯೦೪ರಲ್ಲಿ ಅವನಿಗೆ ನೊಬೆಲ್ ಬಹುಮಾನ ಬಂದಿತು. ಸೇಂಟ್ ಪೀಟರ್ಸ್‌ಬರ್ಗಿನ ಅವನ ಸಂಸ್ಥೆಯಲ್ಲಿ ನಾಯಿಗಳನ್ನು ತೊಳೆಯುವುದಕ್ಕೆ, ಮೈಮರೆಸುವುದಕ್ಕೆ, ಶಸ್ತ್ರಕ್ಕೆ ಬೇರೆಬೇರೆ ಕೋಣೆಗಳಿದ್ದುವು. ಆಮೇಲಿನ ಮೊದಲ ದಿನಗಳ ಆರೈಕೆಗೂ ಪ್ರತ್ಯೇಕ ಕೋಣೆಗಳಿದ್ದುವು. ಆ ನಾಯಿಗಳು ಪಟ್ಟ ಪಾಡು ಸಣ್ಣದಲ್ಲ. ಅದನ್ನು ಮರೆತು ಅವನನ್ನು ಹೊಗಳಲಾಗದು. ಅವನಿಗೂ ಅದು ಮರೆತಿರಲಿಲ್ಲವೆಂದು ತೋರುತ್ತದೆ. ೧೯೩೫ರಲ್ಲಿ ಆ ಸಂಸ್ಥೆಯ ತೋಟದಲ್ಲಿ ನಾಯಿಗೊಂದು ಸ್ಮಾರಕ ನಿಂತಿತು. ಆತಕೂರಿಗೂ ಆ ಊರಿಗೂ ಕಲ್ಲಿನ ವಿಷಯದಲ್ಲಿ ನಂಟು ಉಂಟು.

ಅವನೇ ಹೇಳಿಕೊಂಡಿರುವ ಎರಡು ಪ್ರಸಂಗಗಳು ನನ್ನ ಕೆಲಸಕ್ಕೆ ಬಂದುವು. ಒಂದು ನಾಯಿಗೆ ಹೊಟ್ಟೆಯಿಂದ ಸೋರುವ ರಸದಿಂದ ಚರ್ಮ ಸುಟ್ಟು ಹುಣ್ಣಾಗುತ್ತಿತ್ತು. ಅದು ಇದ್ದಕ್ಕಿದ್ದಂತೆ ಗೋಡೆಯ ಗಾರೆಯನ್ನು ಕೆರೆದು ಕೆಡವತೊಡಗಿತು. ತುಂಟತನವೆಂದು ಅದನ್ನು ಬೇರೆ ಕಡೆಗೆ ಕಟ್ಟಿದರು. ಅಲ್ಲಿಯೂ ಅದೇ ಕೆಲಸ. ನೋಡಿದರೆ, ಪುಡಿಯಾದ ಗಾರೆಯ ಗುಡ್ಡೆಯ ಮೇಲೆ ಅದು ಮಲಗುತ್ತಿತ್ತು. ಗಾರೆ ರಸವನ್ನು ಹೀರಿ ಚರ್ಮ ಒಣಗಿ ಹುಣ್ಣು ಮಾಯುತ್ತಿತ್ತು. ವೈದ್ಯರಿಗೆ ತೋಚದ ಚಿಕಿತ್ಸೆ ರೋಗಿಗೆ ತೋಚಿತು. ರೋಗಿಯ ಚಡಪಡಿಕೆಯೆಲ್ಲ ಹಟವಲ್ಲ, ಕೆಲವೊಮ್ಮೆ ಅದು ಮಾತು ಎಂಬುದು ಇದರಿಂದ ಕಲಿಯತಕ್ಕ ಪಾಠ.

ಎರಡನೆಯದು ೧೯೧೭ರ ಕಾಲದ್ದು. ಬಲು ಸಾಧುವಾದ ಒಂದು ನಾಯಿ, ಪ್ರಯೋಗದ ಮಣೆಯ ಮೇಲೆ ನಿಲ್ಲಿಸಿ ಪಟ್ಟಿ ಕಟ್ಟಿದೊಡನೆ ತಳಮಳಿಸುತ್ತಿತ್ತು. ಏನು ಮಾಡಿದರೂ ನಿಲ್ಲದು. ಇದು ಸ್ವಾತಂತ್ರ್ಯದ ಸಹಜಪ್ರವೃತ್ತಿ ಎಂದು ಪಾವ್ಲೋವನು ಹೆಸರಿಟ್ಟನು. ಬಿಗಿಯಾಗಿ ಕಟ್ಟಿ ಅದನ್ನು ಮಣಿಸಲಿಲ್ಲ. ಊಟವನ್ನು ಆ ಮಣೆಯ ಮೇಲೆಯೇ ಕೊಡುತ್ತ ಬಂದರು. ಮೊದಮೊದಲು ನಾಯಿ ಸರಿಯಾಗಿ ತಿನ್ನದೆ ಸೊರಗಿತು. ತಿಂಗಳುಗಟ್ಟಲೆ ಕಾದ ಮೇಲೆ ಆ ಮಣೆಯೇ ಅದಕ್ಕೆ ನೆಮ್ಮದಿಯ ಜಾಗವಾಯಿತು. ಕಟ್ಟು ಕಲಿಸಲಾರದುದನ್ನು ಅನ್ನ ಕಲಿಸಿತು.

ಔಷಧದ ದಾರಿಯೂ ಒಂದುಂಟು. ಪಾತ್ಸಾಮ ನಾಯಿಯ ಮೊಣಕಾಲನ್ನು ಸರಿಪಡಿಸಿದ ಅದೇ ೧೯೫೨ರಲ್ಲಿ ಪ್ಯಾರಿಸಿನಲ್ಲಿ ಲಾಬೊರಿ ಎಂಬ ಸೇನಾವೈದ್ಯನು ಕ್ಲೋರ್‌ಪ್ರೊಮಸೀನ್ ಎಂಬ ಹೊಸ ಔಷಧ ರೋಗಿಗಳನ್ನು ನಿದ್ರೆಗೆ ದೂಡದೆಯೇ ಸುತ್ತಲಿನ ವಿಷಯಗಳಲ್ಲಿ ನಿರಾಸಕ್ತರನ್ನಾಗಿ ಮಾಡುವುದನ್ನು ವಿವರಿಸಿದನು. ಆ ಮನೆತನದ ಔಷಧವೊಂದು ಪಶುವೈದ್ಯಕ್ಕೂ ಬಂದು ಬಹುಕಾಲ ನಡೆಯಿತು. ಅದು ಮೈಯನ್ನು ತೂಗಿಸುತ್ತದೆ, ಒಳಗಿನ ಅಂಜಿಕೆಯನ್ನು ಅಷ್ಟಾಗಿ ಇಳಿಸುವುದಿಲ್ಲ ಎಂಬುದು ಅನುಭವದಿಂದ ಗೊತ್ತಾಯಿತು. ಈಚೆಗೆ ಮನುಷ್ಯರ ಖಿನ್ನತೆಗೆ ಕೊಡುವ ಟ್ರಾಜೊಡೋನ್ ಅನ್ನು ಶಸ್ತ್ರಚಿಕಿತ್ಸೆಯಾದ ನಾಯಿಗಳಿಗೂ ಕೊಡುತ್ತಾರೆ. ೨೦೧೪ರಲ್ಲಿ ಅಮೆರಿಕದ ಉತ್ತರ ಕೆರೊಲಿನದಲ್ಲಿ ೩೬ ನಾಯಿಗಳಿಗೆ ಅದನ್ನು ಕೊಟ್ಟು ನೋಡಿದಾಗ ಹೆಚ್ಚು ಪಾಲು ಯಜಮಾನರು ನಾಯಿ ಶಾಂತವಾಯಿತೆಂದು ಹೇಳಿದರು.

ಆದರೆ ಅದೇ ಪಂಡಿತರು ಅಷ್ಟಕ್ಕೆ ತೃಪ್ತರಾಗಲಿಲ್ಲ. ಎರಡನೆಯ ಸಲ ೨೯ ನಾಯಿಗಳನ್ನು ತೆಗೆದುಕೊಂಡು ಕೆಲವಕ್ಕೆ ನಿಜವಾದ ಔಷಧವನ್ನೂ ಕೆಲವಕ್ಕೆ ಸತ್ತ್ವವಿಲ್ಲದ ಗುಳಿಗೆಯನ್ನೂ, ಯಾವುದು ಯಾವುದೆಂದು ಯಜಮಾನರಿಗೆ ತಿಳಿಯದಂತೆ, ಕೊಡಿಸಿದರು. ೨೦೧೭ರಲ್ಲಿ ಪ್ರಕಟವಾದ ಅದರ ಫಲಿತಾಂಶವನ್ನು ನಾನು ಎರಡು ಸಲ ಓದಿದೆ. ಎರಡು ಗುಂಪುಗಳ ನಾಯಿಗಳೂ ಸುಧಾರಿಸಿದುವು. ಅವುಗಳ ನಡುವೆ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ. ಇದರಿಂದ ಔಷಧ ವ್ಯರ್ಥವೆಂದು ತೀರ್ಮಾನಿಸುವುದು ಅವಿವೇಕ. ಕಾಳಿಗೂ ವೈದ್ಯೆ ಅದನ್ನು ಕೊಟ್ಟರು, ನಾವೂ ತಪ್ಪದೆ ಹಾಕಿದೆವು. ನೋವಿನ ಔಷಧವಂತೂ ಬೇಕೇ ಬೇಕು, ನೋಯುವ ನಾಯಿ ಸುಮ್ಮನಿರಲಾರದು. ಅದೂ ವೈದ್ಯರು ಬರೆದುಕೊಟ್ಟುದೇ ಆಗಬೇಕು. ನಾವು ನುಂಗುವ ನೋವಿನ ಮಾತ್ರೆಗಳಲ್ಲಿ ಹಲವು ನಾಯಿಗೆ ವಿಷ. ಆದರೂ ಆ ಎರಡನೆಯ ಗುಂಪಿನ ನಾಯಿಗಳಿಗೆ ನೆಮ್ಮದಿ ಕೊಟ್ಟುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಗುಳಿಗೆ ಹಾಕಬೇಕೆಂದು ದಿನವೂ ಹೊತ್ತಿಗೆ ಸರಿಯಾಗಿ ಯಾರೋ ಬಂದು ಪಕ್ಕದಲ್ಲಿ ಕೂರುತ್ತಿದ್ದರಷ್ಟೆ. ಉತ್ತರ ಅಲ್ಲಿಯೇ ಇರಬಹುದೆಂದು ನನ್ನ ಊಹೆ. ಅದನ್ನು ನನ್ನ ಮನೆಯಲ್ಲಿಯೇ ನೋಡಿದೆನಾದ್ದರಿಂದ ಹೇಳುತ್ತೇನೆ.

ಮರುದಿನವೇ ಕರೆಗಂಟೆಯ ತಂತಿಯನ್ನು ಕಳಚಿದೆ. "ದಯವಿಟ್ಟು ಫೋನು ಮಾಡಿ, ಮನೆಯಲ್ಲಿ ರೋಗಿ ಇದ್ದಾರೆ" ಎಂದು ಗೇಟಿಗೆ ರಟ್ಟು ಕಟ್ಟಿದೆ. ಮಗಳು ಸ್ಕೂಟರನ್ನು ತಿರುವಿನಲ್ಲಿಯೇ ಆರಿಸಿ ತಳ್ಳಿಕೊಂಡು ಬರತೊಡಗಿದಳು. ಹಗ್ಗವನ್ನು ಕೊಕ್ಕೆಯಿಂದ ತೆಗೆದು ಕಣ್ಣಿಗೆ ಬೀಳದ ಕಡೆ ಇಟ್ಟೆವು. ಹೊರಗೆ ಕರೆದೊಯ್ಯುವುದು ಗಡಿಯಾರದ ಪ್ರಕಾರ. ಹೊತ್ತು ಮೀರಿದರೆ ಕೇಳುವಂತಿಲ್ಲ, ಹೊತ್ತಾದರೆ ತಪ್ಪಿಸುವಂತಿಲ್ಲ. ಓಡಾಟ ನಿಂತಿರುವ ನಾಯಿ ಕೊಬ್ಬದಂತೆ ಊಟವನ್ನು ತುಸು ಇಳಿಸಿ, ಆ ಊಟವನ್ನೂ ತಟ್ಟೆಯಲ್ಲಿ ಹಾಕದೆ, ಮುದ್ದೆಯ ಚೂರುಗಳನ್ನು ಹಳೆಯ ಟವೆಲಿನ ಮಡಿಕೆಗಳಲ್ಲಿ ಅಡಗಿಸಿ ಕೊಟ್ಟೆವು. ಕಾಲಿಗೆ ಕೆಲಸವಿಲ್ಲದಾಗ ಮೂಗಿಗೆ ಕೆಲಸ. ಅರ್ಧ ಗಂಟೆ ಮೂಸಿ ಮೂಸಿ ಹುಡುಕಿದ ನಾಯಿ ಒಂದು ಮೈಲಿ ಓಡಿದ ನಾಯಿಯಂತೆ ಮಲಗುತ್ತದೆ. ಪಾವ್ಲೋವನ ಮಣೆಯನ್ನು ನೆನೆದು, ಎಲ್ಲ ಊಟವನ್ನೂ ಒಂದೇ ಕಂಬಳಿಯ ಮೇಲೆ ಕೊಟ್ಟೆವು. ವಾರ ಕಳೆಯುವಷ್ಟರಲ್ಲಿ ಕಂಬಳಿ ಹಾಸಿದರೆ ಸಾಕು, ಕಾಳಿ ತಾನಾಗಿ ಹೋಗಿ ಅದರ ಮೇಲೆ ಒರಗುತ್ತಿತ್ತು.

ಉಳಿದುದು ನಾನೂ ಮನೆಯಾಕೆಯೂ ಕೆಲಸಕ್ಕೆ ಹೋದ ಮೇಲಿನ ಹಗಲಿನ ಹೊತ್ತು. ಮೊದಲ ದಿನ ಅಮ್ಮ ಏನೂ ಹೇಳಲಿಲ್ಲ. ಅವರೆಕಾಯಿಯ ಕಾಲ. ಮೊರ ತುಂಬ ಕಾಯಿ ಇಟ್ಟುಕೊಂಡು, ದೇವರ ಮನೆಯ ಬಾಗಿಲಿನಿಂದ ಎದ್ದು ಬಂದು, ಕಂಬಳಿಯಿಂದ ಒಂದು ಮಾರು ದೂರದಲ್ಲಿ ಕುಳಿತು ಸುಲಿಯತೊಡಗಿದರು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ನಾಯಿಯ ಕಡೆ ನೋಡಲಿಲ್ಲ, ಮಾತಾಡಿಸಲಿಲ್ಲ. ಕಾಳಿ ಸ್ವಲ್ಪ ಹೊತ್ತು ಅವರ ಕೈಯನ್ನೇ ನೋಡುತ್ತ ಕಿವಿ ನಿಗುರಿಸಿಕೊಂಡಿದ್ದಿತು. ಆ ಕೈ ಏನನ್ನೂ ವಾಗ್ದಾನ ಮಾಡಲಿಲ್ಲ. ಒಂದೇ ಸಮನೆ ಸುಲಿಯುತ್ತಿತ್ತು. ನಾಯಿ ತಲೆಯನ್ನು ಕೆಳಗಿಟ್ಟು ಕಣ್ಣು ಮುಚ್ಚಿತು. ಮಾರು ದೂರ ಎರಡನೆಯ ವಾರಕ್ಕೆ ಮೊಳವಾಯಿತು. ಅವರೆ ಮುಗಿದ ಮೇಲೆ ಹುಣಸೆಹಣ್ಣು, ಹುಣಸೆಹಣ್ಣಾದ ಮೇಲೆ ಬತ್ತಿ ಹೊಸೆಯುವುದು. ಎಪ್ಪತ್ತೆಂಟು ವರ್ಷದ ಮುದುಕಿಯೂ ಮೂರು ವರ್ಷದ ನಾಯಿಯೂ ಹಗಲೆಲ್ಲ ಒಬ್ಬರನ್ನೊಬ್ಬರು ಏನೂ ಬೇಡದೆ ಕುಳಿತಿರುತ್ತಿದ್ದುವು. ಚಿಕ್ಕ ಸಾಕುಪ್ರಾಣಿ ರೋಗಿಗೆ ಒಳ್ಳೆಯ ಸಂಗಾತಿ ಎಂದು ನೈಟಿಂಗೇಲಳು ಬರೆದಿದ್ದಾಳೆ. ನಮ್ಮ ಮನೆಯಲ್ಲಿ ಅದು ತಿರುವುಮುರುವಾಯಿತು.

ಎಂಟನೆಯ ವಾರ ಕ್ಷ-ಕಿರಣದ ಚಿತ್ರ ತೆಗೆದರು. ಕೊಯ್ದ ಗೆರೆ ಮಸಕಾಗಿ ಎಲುಬು ಕೂಡಿ ಬಂದಿತ್ತು. ಇನ್ನು ದಿನಕ್ಕೆ ಐದು ನಿಮಿಷ ಹಗ್ಗ ಹಿಡಿದು ನಡೆಸಿ, ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಓಟ ಮಾತ್ರ ಇನ್ನೂ ಕೆಲವು ವಾರ ಬೇಡ ಎಂದರು ವೈದ್ಯೆ. ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿಯೇ ನಿಂತಿದ್ದರು. "ಅವಳಿಗೆ ಏನಂದರು?" ಎಂದು ಕೇಳಿದರು. ಮೂರು ವರ್ಷ 'ಅದು' ಆಗಿದ್ದ ಕಾಳಿ ಯಾವ ದಿನ 'ಅವಳು' ಆದಳೋ ನನಗೆ ತಿಳಿಯದು.

ಆ ಸಂಜೆ ಕರೆಗಂಟೆಯ ತಂತಿಯನ್ನು ಮತ್ತೆ ಸೇರಿಸಿದೆ. ಬತ್ತಿ ಹೊಸೆಯುತ್ತಿದ್ದ ಅಮ್ಮ ಇದ್ದಕ್ಕಿದ್ದಂತೆ, "ಆ ನಿನ್ನ ಕಲ್ಲಿನ ನಾಯಿಗೆ ಏನಾಗಿತ್ತೊ?" ಎಂದರು. ತಕ್ಕೋಲದಿಂದ ಹಿಡಿದು ಬೆಳತೂರಿನ ಮೊರಡಿಯವರೆಗೆ, ಹಂದಿಯ ಮೇಲೆ ಬಿಟ್ಟುದನ್ನೂ ಎರಡೂ ಸತ್ತುದನ್ನೂ ಕಲ್ಲು ನಿಲ್ಲಿಸಿದುದನ್ನೂ ಹೇಳಿದೆ. ಅವರು ಬತ್ತಿಯ ತುದಿಯನ್ನು ಹೊಸೆದು ಮುಗಿಸುವವರೆಗೆ ಸುಮ್ಮನಿದ್ದರು.

"ಪಾಪ! ನಿಲ್ಲು ಅಂತ ಅದನ್ನು ಯಾರೂ ಕೂಗಿ ಕರೆಯಲಿಲ್ಲವೆ?"

ಇಪ್ಪತ್ತು ವರ್ಷ ನಾನು ಆ ಶಾಸನವನ್ನು ಪಾಠ ಹೇಳಿದ್ದೇನೆ. ಯಾವ ವಿದ್ಯಾರ್ಥಿಯೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.